ವರ್ಷದ ಸ್ಪೋರ್ಟ್ಸ್ ಪ್ಯಾಕ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ಕಾರ್ ರೇಸ್ ಬರುವುದಿಲ್ಲ!

ಹೊಸನಗರ, ನಗರ, ತೀರ್ಥಹಳ್ಳಿ ಕಡೆಯವರು ದಯವಿಟ್ಟು ಓದಿ. ಕಾರ್ ರೇಸ್ ನೋಡುವ ಆಸೆಗೆ ಡಿಶ್‌ಗೆ ವರ್ಷದ ಸ್ಪೋರ್ಟ್ಸ್ ಪ್ಯಾಕ್ ಹಾಕಿಸಬೇಡಿ. ಫಾರ್ಮುಲಾ ವನ್ ಈ ವರ್ಷ, ಅಂದರೆ 2023ರಲ್ಲಿ, ನಮ್ಮ ದೇಶದ ಯಾವ ಟಿವಿ ಚಾನೆಲ್‌ನಲ್ಲೂ ಇಲ್ಲ. ಯಾವುದರಲ್ಲೂ ಇಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ 4,800 ರೂಪಾಯಿ ಕೈಬಿಟ್ಟು ಹೋಗಿತ್ತು.

ಜನವರಿ ಕೊನೆಯ ವಾರ. ಅಂಗಳದ ತುಂಬಾ ಅಡಿಕೆ ಹರವಿತ್ತು. ನಮಗೆ ರೀಚಾರ್ಜ್ ಮಾಡಿಕೊಡುವ ಡಿಶ್‌ನವನು ಬೈಕಿನಲ್ಲಿ ಬಂದ. ಹೊಸಬನೇನಲ್ಲ. ಆರು ವರ್ಷದಿಂದ ಅವನೇ ಬರುವುದು. ಮಳೆಗಾಲದಲ್ಲಿ ಡಿಶ್ ತಿರುಗಿ ಸಿಗ್ನಲ್ ಹೋದರೆ ಮಾಡು ಹತ್ತಿ ಸರಿ ಮಾಡಿಕೊಟ್ಟವನು. ನಮ್ಮ ಮನೆಯಲ್ಲಿ ಊಟ ಮಾಡಿದವನು.

"ಅಣ್ಣಾ, ಫೆಬ್ರವರಿ ಒಂದರಿಂದ ಚಾನೆಲ್ ರೇಟೆಲ್ಲ ಏರುತ್ತೆ. ಈಗಲೇ ವರ್ಷದ್ದು ಹಾಕಿಸಿಬಿಡಿ, ಹಳೇ ರೇಟಲ್ಲೇ ಆಗಿಹೋಗುತ್ತೆ" ಅಂದ.

ರೇಟ್ ಏರುವುದು ನಿಜವೇ ಆಗಿತ್ತು. ಚಾನೆಲ್ ದರಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಹೊಸ ದರದ ನಿಯಮ ಫೆಬ್ರವರಿ 1ರಿಂದ ಜಾರಿಗೆ ಬಂತು. ಒಂದು ಮಾತು ನಿಜ ಇದ್ದಿದ್ದಕ್ಕೇ ನಾನು ಉಳಿದದ್ದನ್ನೂ ನಂಬಿದೆ.

ಆದರೂ ಕೇಳಿದೆ. ಒಂದು ಸಲ ಅಲ್ಲ, ಎರಡು ಸಲ ಕೇಳಿದೆ. "ನಮಗೆ ಬೇಕಾಗಿರೋದು ಕಾರ್ ರೇಸ್ ಮಾತ್ರ ಮಾರಾಯ. ಅದು ಬರುತ್ತೆ ಅಲ್ವಾ?" ಅವನು ದಣಪೆ ದಾಟುವಾಗ ಮತ್ತೆ ಕೂಗಿ ಕೇಳಿದೆ. "ಹೋದ ವರ್ಷ ಬಂದಿಲ್ವಾ ಅಣ್ಣಾ? ಅದೇ ಚಾನೆಲ್. ಒಂದು ರೇಸೂ ತಪ್ಪಲ್ಲ" ಅಂದ. ಈ ಮಾತನ್ನು ನನ್ನ ಹೆಂಡತಿಯೂ ಕೇಳಿಸಿಕೊಂಡಿದ್ದಾಳೆ. ಒಂದು ರೇಸೂ ತಪ್ಪಲ್ಲ ಅಂದಿದ್ದ.

ಹೋದ ವರ್ಷ ಬಂದಿತ್ತು, ಅದು ಸರಿ. ನವೆಂಬರ್ 20ರ ಅಬುಧಾಬಿ ರೇಸ್‌ವರೆಗೂ ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್‌ನಲ್ಲಿ ನೋಡಿದ್ದೇವೆ. ವೆಟೆಲ್‌ನ ಕೊನೆಯ ರೇಸ್ ಅದು. ನಮ್ಮ ದೇಶದಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ರೇಸ್ ಗೆದ್ದವನು ಅವನು. ಆವತ್ತು ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ.

ಅಪ್ಪನಿಗೆ ಈ ಹುಚ್ಚು ಹತ್ತಿಸಿದ್ದು ನಾನೇ. ಶಿವಮೊಗ್ಗದಲ್ಲಿ ಓದುವಾಗ ದುರ್ಗಿಗುಡಿಯಲ್ಲಿ ರೂಮು ಮಾಡಿಕೊಂಡಿದ್ದೆ. ಕೆಳಗೆ ಓನರ್ ಮನೆಯಲ್ಲಿ ಕೇಬಲ್ ಇತ್ತು. ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ಸುದ್ದಿ, ಸಿನಿಮಾ, ಕ್ರಿಕೆಟ್, ರೇಸ್ ಎಲ್ಲ ಬರುತ್ತಿತ್ತು. ಯಾವ ಚಾನೆಲ್‌ಗೆ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಪುಕ್ಕಟೆಯೇ. 2004ರಲ್ಲಿ ಶೂಮಾಕರ್ 18ರಲ್ಲಿ 13 ರೇಸ್ ಗೆದ್ದಿದ್ದನ್ನು ಅಲ್ಲೇ ನೋಡಿದ್ದು. 2005ರ ಜೂನ್‌ನಲ್ಲಿ ಅಮೆರಿಕದ ರೇಸ್‌ಗೆ ಬರೀ ಆರು ಕಾರು ಓಡಿದವಲ್ಲ, ನಮ್ಮ ನರೇನ್ ಕಾರ್ತಿಕೇಯನ್ ನಾಲ್ಕನೆಯವನಾಗಿ ಬಂದಾಗ ಅಪ್ಪ ಅಡಿಕೆ ಮಂಡಿ ಕೆಲಸಕ್ಕೆ ಬಂದವರು ನನ್ನ ಜೊತೆಗೇ ಇದ್ದರು. ಆವತ್ತಿಂದ ಶುರು. ಈಗ ಅವರಿಗೆ ಎಪ್ಪತ್ತಾರು. ತೋಟಕ್ಕೆ ಇಳಿಯಲು ಆಗುವುದಿಲ್ಲ. ವರ್ಷವಿಡೀ ಅವರು ಕಾಯುವುದು ಇದೊಂದಕ್ಕೇ. ಅದಕ್ಕೇ ಇಷ್ಟು ಸಿಟ್ಟು ನನಗೆ.

ಮಾರ್ಚ್ 5, ಭಾನುವಾರ. ಬಹ್ರೇನ್ ರೇಸ್. ನಮ್ಮ ಸಮಯ ರಾತ್ರಿ ಎಂಟೂವರೆಗೆ ಶುರು. ಸಾಗರದಿಂದ ಭಾವ ಬಂದಿದ್ದರು. ಪಕ್ಕದ ಮನೆ ಹುಡುಗರು ನಾಲ್ಕು ಜನ. ನಾನೇ ಕರೆದಿದ್ದು, ವರ್ಷದ ಪ್ಯಾಕ್ ಹಾಕಿಸಿದ್ದೇನೆ ಬನ್ನಿ ಅಂತ. ಅಪ್ಪ ಬೇಗ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಏಳೂಮುಕ್ಕಾಲಿಗೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ಎಂಟು ಗಂಟೆಗೆ ಆ ಚಾನೆಲ್ ಹಾಕಿದೆ. ಫುಟ್ಬಾಲ್ ಬರುತ್ತಿತ್ತು. ಇನ್ನೂ ಟೈಮಿದೆ ಅಂದುಕೊಂಡೆ. ಎಂಟೂಕಾಲಿಗೂ ಫುಟ್ಬಾಲ್. ಪಕ್ಕದ ಚಾನೆಲ್ ಹಾಕಿದೆ, ಹಳೇ ಕ್ರಿಕೆಟ್. ಅದರ ಪಕ್ಕದ್ದು, ಕಬಡ್ಡಿ. ಎಚ್‌ಡಿಯಲ್ಲಿ ಇರಬಹುದು ಅಂತ ಅದನ್ನೂ ನೋಡಿದೆ. ಸ್ಪೋರ್ಟ್ಸ್ ಅಂತ ಇರುವ ಅಷ್ಟೂ ಚಾನೆಲ್ ತಿರುಗಿಸಿದೆ, ಮತ್ತೆ ಮೊದಲಿಂದ ತಿರುಗಿಸಿದೆ. ಎಂಟೂ ನಲವತ್ತಾಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭಾವ ಏನೂ ಮಾತಾಡಲಿಲ್ಲ. ಅಪ್ಪ ಮಾತ್ರ, "ದುಡ್ಡು ಕಟ್ಟಿದ್ದೀಯಲ್ವೋ?" ಅಂದರು. ನನ್ನ ಕೈಯಲ್ಲಿ ರಿಮೋಟ್ ಬೆವರುತ್ತಿತ್ತು. ಆ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಲೇ ಫೋನ್ ಮಾಡಿದೆ. ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿ, "ಸರ್ವರ್ ಪ್ರಾಬ್ಲಂ ಇರಬೇಕು ಅಣ್ಣಾ, ಬಾಕ್ಸ್ ಆಫ್ ಮಾಡಿ ಆನ್ ಮಾಡಿ" ಅಂದ. ಮಾಡಿದೆ. ಫುಟ್ಬಾಲೇ. ಮತ್ತೆ ಫೋನ್ ಮಾಡಿದರೆ ಸ್ವಿಚ್ ಆಫ್.

ಸೋಮವಾರ ಬೆಳಿಗ್ಗೆ ಹೊಸನಗರದ ಅವನ ಅಂಗಡಿಗೇ ಹೋದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನು ಚಾನೆಲ್ ಕೊಡ್ತೀನಿ ಅಂದಿದ್ದೆ, ಕೊಟ್ಟಿದ್ದೀನಿ. ಅದರಲ್ಲಿ ಏನು ಹಾಕ್ತಾರೋ ನನಗೇನು ಗೊತ್ತು?"

"ನೀನೇ ಅಲ್ವೇನೋ ಒಂದು ರೇಸೂ ತಪ್ಪಲ್ಲ ಅಂದಿದ್ದು?"

"ಹೋದ ವರ್ಷದ ಮಾತು ಹೇಳಿದ್ದು ಅಣ್ಣಾ ನಾನು. ಈ ವರ್ಷ ಇಡೀ ಇಂಡಿಯಾದಲ್ಲೇ ಯಾರಿಗೂ ಬರ್ತಿಲ್ಲ. ನಿಮಗೊಬ್ಬರಿಗೇನಲ್ಲ."

ನಿಮಗೊಬ್ಬರಿಗೇನಲ್ಲ ಅಂತೆ! ಅದು ಗೊತ್ತಿದ್ದ ಮೇಲೆ ರಾತ್ರಿ ಸರ್ವರ್ ಪ್ರಾಬ್ಲಂ ಅಂತ ಯಾಕೆ ಹೇಳಿದ್ದು? ಅದನ್ನು ಕೇಳಿದೆ. ಅದಕ್ಕೆ ಅವನು ಬೇರೆ ಗಿರಾಕಿ ಕಡೆ ತಿರುಗಿಕೊಂಡ. ಆಮೇಲೆ, "ಐಪಿಎಲ್ ಬರುತ್ತಲ್ಲ, ಅದನ್ನ ನೋಡಿ" ಅಂದ. ನಾನು ಐಪಿಎಲ್ ಕೇಳಿದ್ದೆನಾ? ಅದನ್ನು ಈ ಸಲ ಮೊಬೈಲಿನಲ್ಲಿ ಪುಕ್ಕಟೆಯೇ ಕೊಡುತ್ತಿದ್ದಾರೆ. ಅದಕ್ಕೆ ನಾನು ಯಾಕೆ ದುಡ್ಡು ಕಟ್ಟಲಿ?

ರಸೀದಿ ಕೇಳಿದೆ. ಕಂಪನಿಯ ಮೆಸೇಜ್ ಬಂದಿದೆಯಲ್ಲ ಅಂದ. ಮೆಸೇಜ್ ತೆಗೆದು ನೋಡಿದರೆ ನನ್ನ ಖಾತೆಗೆ ಹಾಕಿದ್ದು 4,200. ಉಳಿದ 600? "ಸರ್ವೀಸ್ ಚಾರ್ಜ್." ಇದನ್ನು ಜನವರಿಯಲ್ಲಿ ಹೇಳಿಯೇ ಇರಲಿಲ್ಲ. ನಾನೂ ಮೆಸೇಜ್ ಓದಿರಲಿಲ್ಲ, ನಂಬಿಕೆಯ ಮೇಲೆ ಬಿಟ್ಟಿದ್ದೆ.

ಭಾವನ ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಂದ ಪೂರ್ತಿ ವಿಷಯ ಗೊತ್ತಾಯಿತು. ರೇಸ್ ತೋರಿಸುವ ಹಕ್ಕನ್ನು ಚಾನೆಲ್‌ನವರು ಇಷ್ಟು ವರ್ಷಕ್ಕೆ ಅಂತ ಕೊಂಡುಕೊಳ್ಳುತ್ತಾರೆ. ಆ ಒಪ್ಪಂದ 2022ಕ್ಕೆ ಮುಗಿದಿದೆ. ಈ ವರ್ಷ ಯಾವ ಚಾನೆಲ್ಲೂ ಕೊಂಡಿಲ್ಲ. ಅದಕ್ಕೆ ಫಾರ್ಮುಲಾ ವನ್‌ನವರು ತಮ್ಮದೇ ಎಫ್ ವನ್ ಟಿವಿ ಪ್ರೊ ಆಪ್ ಇಲ್ಲಿಗೆ ತಂದಿದ್ದಾರೆ. ಅದಕ್ಕೆ ಬೇರೆ ದುಡ್ಡು. ಇಂಗ್ಲೆಂಡಿನಲ್ಲೂ ಹೀಗೇ ಆಗಿದೆಯಂತೆ. ಮೊದಲು ಬಿಬಿಸಿಯಲ್ಲಿ ಎಲ್ಲ ರೇಸ್ ಬರುತ್ತಿತ್ತು. 2012ರಿಂದ ದುಡ್ಡಿನ ಚಾನೆಲ್ ಜೊತೆ ಪಾಲಾಯಿತು. 2019ರಿಂದ ಅವರ ಊರಿನ ರೇಸ್ ಒಂದು ಬಿಟ್ಟು ಉಳಿದಿದ್ದೆಲ್ಲ ನೇರ ನೋಡಬೇಕಾದರೆ ದುಡ್ಡು ಕಟ್ಟಲೇಬೇಕು. ನಮ್ಮಲ್ಲಿ ಭಾರತ ಆಡುವ ಏಕದಿನ ಪಂದ್ಯಗಳನ್ನು ದೂರದರ್ಶನಕ್ಕೂ ಕೊಡಬೇಕು ಅಂತ 2007ರ ಕಾನೂನಿದೆ. ರೇಸ್‌ಗೆ ಅಂಥದ್ದೇನೂ ಇಲ್ಲ.

ಆಪ್ ಹಾಕಿಕೊಳ್ಳಿ ಅಂತ ಪೇಟೆಯವರು ಸುಲಭವಾಗಿ ಹೇಳುತ್ತಾರೆ. ನಮ್ಮಲ್ಲಿ ಫೋನ್ ಮಾಡಬೇಕಾದರೇ ಹಿತ್ತಿಲ ದರೆ ಹತ್ತಬೇಕು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಎರಡು ಗಂಟೆ ರೇಸ್ ಅಲ್ಲಿ ನೋಡುವುದು ಹೇಗೆ? ಎಪ್ಪತ್ತಾರು ವರ್ಷದವರನ್ನು ರಾತ್ರಿ ದರೆ ಹತ್ತಿಸಲಾ? ಡಿಶ್ ಒಂದೇ ನಮಗೆ ದಾರಿ. ಅದು ಗೊತ್ತಿದ್ದೇ ಅವನು ನಮ್ಮಂಥವರ ಮನೆಗೆ ಬಂದಿದ್ದು ಅಂತ ನನಗೆ ಈಗ ಅನಿಸುತ್ತಿದೆ.

ನಾನು ಈಗ ಮಾಡಿದ್ದು ಇಷ್ಟು. ಕಸ್ಟಮರ್ ಕೇರ್‌ಗೆ ಹೇಳಿ ಸ್ಪೋರ್ಟ್ಸ್ ಚಾನೆಲ್ ತೆಗೆಸಿದೆ. ಉಳಿದ ದುಡ್ಡು ಖಾತೆಯಲ್ಲಿ ಇರುತ್ತದೆ, ಬೇರೆ ಚಾನೆಲ್‌ಗೆ ಆಗುತ್ತದೆ ಅಂದರು. ಇದನ್ನು ನೀವೂ ಮಾಡಬಹುದು, ಪ್ಯಾಕ್ ಪೂರ್ತಿ ಇಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಆ 600ಕ್ಕೆ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅದು ಗ್ರಾಹಕರ ಸಹಾಯವಾಣಿ.

ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ತಿಂಗಳಿಗೆ ಹಾಕಿಸಿ. ಯಾವ ರೇಸ್ ಯಾವ ಚಾನೆಲ್‌ನಲ್ಲಿ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ವಾಪಸ್ ಕಳಿಸಿ. ಎಷ್ಟೇ ಗುರುತಿನವನಾದರೂ ಸರಿ. ಸೆಪ್ಟೆಂಬರ್‌ನಲ್ಲಿ ದೆಹಲಿ ಹತ್ತಿರದ ಬುದ್ಧ್ ಸರ್ಕ್ಯೂಟ್‌ನಲ್ಲಿ ಮೋಟೋ ಜಿಪಿ ಬೈಕ್ ರೇಸ್ ಇದೆ. ಅದರ ಹೆಸರು ಹೇಳಿಕೊಂಡು ಇದೇ ಜನ ಮತ್ತೆ ನಿಮ್ಮ ಮನೆಗೆ ಬರುತ್ತಾರೆ, ನೋಡುತ್ತಿರಿ.

ಜನವರಿಯಲ್ಲಿ ಹೊಸನಗರ, ನಗರದ ಕಡೆ ಇದೇ ಮಾತಿಗೆ ದುಡ್ಡು ಕೊಟ್ಟವರು ಇನ್ನೂ ಇದ್ದೀರಿ, ಇಬ್ಬರು ನನಗೆ ಸಿಕ್ಕಿದ್ದಾರೆ. ಕಂಪನಿಯ ಮೆಸೇಜ್ ತೆಗೆದು ನೀವು ಕೊಟ್ಟಿದ್ದೆಷ್ಟು, ಖಾತೆಗೆ ಬಿದ್ದಿದ್ದೆಷ್ಟು ನೋಡಿಕೊಳ್ಳಿ. ಮೆಸೇಜ್ ಅಳಿಸಬೇಡಿ. ಶುಕ್ರವಾರ ಹತ್ತು ಗಂಟೆಗೆ ನಾವು ಮೂವರೂ ಅವನ ಅಂಗಡಿಗೆ ಹೋಗುತ್ತಿದ್ದೇವೆ. ನೀವೂ ಬನ್ನಿ.