ಗೆಳೆತನವೇ ಕಾಣದ ಪ್ರೇಮಕಥೆ: ಮೂರು ಪುಸ್ತಕ ಪಕ್ಕಪಕ್ಕ ಇಟ್ಟಾಗ

ಗೆಳೆಯರಿಬ್ಬರು ಪ್ರೇಮಿಗಳಾಗುವ ಕಥೆ ಅಂದರೆ ನನಗೆ ತುಂಬಾ ಇಷ್ಟ. ಅದರಲ್ಲೂ ಇಬ್ಬರು ಹುಡುಗರ ಕಥೆಯಾದರೆ ಬಿಡುವುದೇ ಇಲ್ಲ. ಹಾಗಾಗಿ ಗೆಳತಿಯೊಬ್ಬಳು ಹೊಗಳಿ ಕೊಟ್ಟ ಇಂಗ್ಲಿಷ್ ರೊಮ್ಯಾನ್ಸ್ ಕಾದಂಬರಿಯನ್ನು ಆಸೆಯಿಂದಲೇ ಹಿಡಿದೆ. ಮುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಅದರ ಹೆಸರು ಇಲ್ಲಿ ಬೇಡ. ಆ ಬೇಸರದಲ್ಲೇ ನನ್ನ ಹತ್ತಿರವಿದ್ದ ಎರಡು ಪುಸ್ತಕ ಮತ್ತೆ ತೆಗೆದೆ. ಒಂದು ಸಚಿನ್ ಕುಂಡಲ್ಕರ್ ಅವರ ಮರಾಠಿ ಕಾದಂಬರಿ 'ಕೋಬಾಲ್ಟ್ ಬ್ಲೂ' (2006), ಇನ್ನೊಂದು ವಸುಧೇಂದ್ರ ಅವರ ಕಥಾಸಂಕಲನ 'ಮೋಹನಸ್ವಾಮಿ' (2013).

ಇಂಗ್ಲಿಷ್ ಕಾದಂಬರಿಯ ಹುಡುಗರು ಶಾಲೆಯಿಂದ ಜೊತೆಗಿದ್ದವರು. ಹಾಗಂತ ಲೇಖಕರು ಪದೇ ಪದೇ ಹೇಳುತ್ತಾರೆ. ಆದರೆ ಅವರ ಗೆಳೆತನ ನನಗೆ ಎಲ್ಲೂ ಕಾಣಲಿಲ್ಲ. ಒಂದು ಕಡೆ ಒಬ್ಬನ ತಾಯಿ ಆಸ್ಪತ್ರೆ ಸೇರುತ್ತಾಳೆ. ಅವನು ಫೋನ್ ಮಾಡುತ್ತಾನೆ. ಇನ್ನೊಬ್ಬ ಪಾರ್ಟಿಯಲ್ಲಿದ್ದಾನೆ, ಹೆಸರು ನೋಡಿ ಫೋನನ್ನು ಮಗುಚಿ ಇಡುತ್ತಾನೆ. ಮರುದಿನ ಸಿಕ್ಕಾಗ 'ಅಮ್ಮ ಹೇಗಿದ್ದಾರೆ?' ಅಂತ ಒಂದು ಮಾತೂ ಇಲ್ಲ. ಇದೇ ಜಗಳಕ್ಕೆ ಕಾರಣ ಆಗುತ್ತೆ, ಇಲ್ಲಿಂದ ಕಥೆ ಏಳುತ್ತೆ ಅಂದುಕೊಂಡೆ. ಇಲ್ಲ. ಕೆಲವೇ ಪುಟಗಳಲ್ಲಿ ಮಳೆ, ಮುತ್ತು, ಎಲ್ಲ ಮುಗಿದುಹೋಯಿತು. ಆ ತಾಯಿ ಏನಾದಳು ಅನ್ನೋದೂ ಗೊತ್ತಾಗಲಿಲ್ಲ. ಉಳಿದ ಸ್ನೇಹಿತರನ್ನು ಇಬ್ಬರೂ ಹೀಯಾಳಿಸುತ್ತಾರೆ. ಲೇಖಕರು ಅದನ್ನು ಚುರುಕು ಮಾತು ಅಂತ ಮೆಚ್ಚಿಕೊಂಡೇ ಬರೆದಿದ್ದಾರೆ.

ಪಾತ್ರಗಳು ಇಷ್ಟವಾಗಲಿಲ್ಲ ಅನ್ನೋದೇ ನನ್ನ ದೂರಲ್ಲ. 'ಕೋಬಾಲ್ಟ್ ಬ್ಲೂ'ದಲ್ಲಿ ಬರುವ ಪೇಯಿಂಗ್ ಗೆಸ್ಟ್ ಇವರಿಬ್ಬರಿಗಿಂತ ಕೆಟ್ಟವನು. ಮನೆಯ ಮಗ ತನಯ್ ಅವನನ್ನು ಪ್ರೀತಿಸುತ್ತಾನೆ, ಅವನ ತಂಗಿ ಅನುಜಾ ಕೂಡ. ಗೆಸ್ಟ್ ಅನುಜಾಳ ಜೊತೆ ಓಡಿಹೋಗುತ್ತಾನೆ, ಆಮೇಲೆ ಅವಳನ್ನೂ ಬಿಟ್ಟುಹೋಗುತ್ತಾನೆ. ಅವನಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. ಮೊದಲ ಭಾಗ ತನಯ್ ಅವನನ್ನೇ 'ನೀನು' ಅಂತ ಕರೆದು ಹೇಳಿದ್ದು, ಎರಡನೆಯದು ಅನುಜಾ ಹೇಳಿದ್ದು. ಅದೇ ಮನೆ, ಅದೇ ಮನುಷ್ಯ, ಎರಡು ನೋವು. ಅವನು ಮಾಡಿದ್ದರ ಬೆಲೆ ಯಾರು ತೆತ್ತರು ಅಂತ ಪುಸ್ತಕಕ್ಕೆ ಚೆನ್ನಾಗಿ ಗೊತ್ತಿದೆ. ಆ ಇಂಗ್ಲಿಷ್ ಕಾದಂಬರಿಗೆ ಗೊತ್ತಿಲ್ಲದ್ದು ಇದೇ.

ಪುಣೆಯಲ್ಲಿ ಇರುವವರಿಗೆ 'ಕೋಬಾಲ್ಟ್ ಬ್ಲೂ' ಕಥೆ ಇನ್ನೂ ಜಾಸ್ತಿ ತಟ್ಟುತ್ತದೆ. ಸದಾಶಿವ ಪೇಟೆ ಕಡೆ ಓದುವ ಹುಡುಗರಿಗೆ ರೂಮು ಕೊಡುವುದು ದಿನಾ ನೋಡುವ ಸಂಗತಿ. ಹುಡುಗಿಯೊಬ್ಬಳು ಆ ರೂಮಿನ ಬಾಗಿಲಲ್ಲಿ ನಿಂತರೆ ಮನೆಯವರ ಕಣ್ಣು ಕೆಂಪಾಗುತ್ತದೆ. ಹುಡುಗ ಇಡೀ ರಾತ್ರಿ ಅಲ್ಲೇ ಇದ್ದರೂ ಕೇಳುವವರಿಲ್ಲ, ಗೆಳೆಯರು ತಾನೇ! ನಮ್ಮ ಮನೆಗಳಲ್ಲಿ ಗೆಳೆತನವೇ ಪ್ರೀತಿಗೆ ಮರೆ. ಅದು ಕೈಬಿಟ್ಟಾಗ ಅಳುವುದಕ್ಕೂ ನೆಪ ಸಿಗುವುದಿಲ್ಲ, ಯಾಕೆಂದರೆ ಏನು ಹೋಯಿತು ಅಂತ ಹೇಳುವ ಹಾಗಿಲ್ಲ. ತನಯ್‌ನ ಪಾಡು ಅದೇ. 2022ರ ಸಿನಿಮಾವನ್ನೂ ಕುಂಡಲ್ಕರ್ ಅವರೇ ಮಾಡಿದ್ದಾರೆ, ಆದರೆ ಕಥೆಯನ್ನು ಕೊಚ್ಚಿಗೆ ಒಯ್ದಿದ್ದಾರೆ. ನೋಡಲು ಚೆಂದ ಇದೆ. ನನಗೆ ಪುಸ್ತಕವೇ ಮೇಲು.

'ಮೋಹನಸ್ವಾಮಿ'ಯ ಕಾರ್ತಿಕನ ಮೇಲೂ ನನಗೆ ಸಿಟ್ಟಿದೆ. ಕಥಾನಾಯಕ ಮೋಹನಸ್ವಾಮಿಯ ಪ್ರೇಮಿಯಾಗಿ ಜೊತೆಗೇ ಇದ್ದವನು ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಆದರೆ ಅವನನ್ನು ಪೂರ್ತಿ ದ್ವೇಷಿಸಲು ಆಗುವುದಿಲ್ಲ. ಅಂಥ ಮದುವೆಗಳನ್ನು ನಾವೆಲ್ಲ ಉಂಡು ಬಂದವರೇ ಅಲ್ವಾ? ಈ ಪುಸ್ತಕ ಬಂದ ವರ್ಷವೇ, 2013ರ ಡಿಸೆಂಬರ್ 11ರಂದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಅದೇ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಕಾರ್ತಿಕನ ಹೆದರಿಕೆಗೆ ಬೇರು ಇತ್ತು. ಆ ಇಂಗ್ಲಿಷ್ ಹುಡುಗರನ್ನು ತಡೆಯುವವರು ಯಾರೂ ಇಲ್ಲ. ಅದಕ್ಕೇ ಲೇಖಕರು ಸುಮ್ನೆ ಒಂದು ತಪ್ಪು ತಿಳುವಳಿಕೆ ತಂದು ನೂರು ಪುಟ ಎಳೆದಿದ್ದಾರೆ.

ಒಂದು ಮಾತು ಮಾತ್ರ ಒಪ್ಪಬೇಕು. ಕೊನೆಗೆ ಇಬ್ಬರು ಹುಡುಗರು ನಗುತ್ತಾ ಒಂದಾಗುವುದನ್ನು ಓದುವ ಆಸೆ ದೊಡ್ಡದು, ನ್ಯಾಯವಾದದ್ದು. ನನಗೂ ಅದು ಬೇಕು. ಮೂರರಲ್ಲಿ ಅದನ್ನು ಕೊಡುವುದು ಆ ಇಂಗ್ಲಿಷ್ ಕಾದಂಬರಿ ಒಂದೇ. ಆದರೆ ಅಷ್ಟಕ್ಕೇ ಅದನ್ನು ಕೊಳ್ಳಿ ಅಂತ ಹೇಳಲಾರೆ.

ಮನಸ್ಸು ತೀರಾ ಭಾರವಾಗಿದ್ದರೆ 'ಕೋಬಾಲ್ಟ್ ಬ್ಲೂ' ಸದ್ಯಕ್ಕೆ ಬೇಡ. 'ಮೋಹನಸ್ವಾಮಿ'ಯಿಂದ ಶುರುಮಾಡಿ, ಅದರಲ್ಲಿ ಕಿಲಿಮಂಜಾರೋ ಹತ್ತುವ ಕಥೆಯೂ ಇದೆ. ಮರಾಠಿ ಓದಲು ಬರುವ ಪುಣೆ ಕನ್ನಡಿಗರು 'ಕೋಬಾಲ್ಟ್ ಬ್ಲೂ'ಗೆ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಕೇಳಿ ನೋಡಿ. ಬರದವರಿಗೆ ಜೆರ್ರಿ ಪಿಂಟೋ ಅವರ ಇಂಗ್ಲಿಷ್ ಅನುವಾದ ಇದೆ.