ಜಿಎಸ್‌ಟಿ ಪೋರ್ಟಲ್‌ನ ಹೊಸ ನೋಂದಣಿ: ಅರ್ಜಿ ಸಲೀಸು, ವಿಳಾಸದ ದಾಖಲೆಯದೇ ತೊಡಕು

ಸಣ್ಣ ವ್ಯಾಪಾರಿಗಳ ಮಟ್ಟಿಗೆ ಜಿಎಸ್‌ಟಿ ಪೋರ್ಟಲ್‌ನ ನೋಂದಣಿ ಸೇವೆ ನಿಜಕ್ಕೂ ಚೆನ್ನಾಗಿದೆ. ಸರ್ಕಾರಿ ಶುಲ್ಕ ಒಂದು ರೂಪಾಯಿಯೂ ಇಲ್ಲ. ಫಾರಂ ತುಂಬುವುದು ಕಷ್ಟವಲ್ಲ, ಅರ್ಜಿ ಸಿಕ್ಕಿಬೀಳುವುದು ದಾಖಲೆಗಳಲ್ಲಿ.

ಮೊದಲು ನೋಂದಣಿ ಬೇಕೇ ನೋಡಿಕೊಳ್ಳಿ. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟಿನ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಯ ರಿಯಾಯಿತಿ ಇಲ್ಲ. ಬರೀ ಹಾಲು, ತರಕಾರಿ ಮಾರುವವರಿಗೆ ನೋಂದಣಿ ಬೇಡ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತೂ ಇದ್ದರೆ ಹಾಲಿನ ಮಾರಾಟವೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. 2025ರಲ್ಲಿ ಯುಪಿಐ ಲೆಕ್ಕದ ಮೇಲೆ ನೋಟಿಸ್ ಬಂದಾಗ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಎದುರಾದ ಗೊಂದಲಗಳಲ್ಲಿ ಇದೂ ಒಂದು.

ಅರ್ಜಿಯ ಮೊದಲ ಭಾಗ, ಪಾರ್ಟ್ ಎ, ಐದು ನಿಮಿಷದ ಕೆಲಸ: ಪ್ಯಾನ್, ಮೊಬೈಲ್, ಇಮೇಲ್, ಓಟಿಪಿ. ಇಲ್ಲಿ ಆಡಿಟರ್ ನಂಬರ್ ಕೊಡಬೇಡಿ, ನಿಮ್ಮದೇ ಕೊಡಿ. ಮುಂದಿನ ನೋಟಿಸ್‌ಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸಿಗುವ ಟಿಆರ್‌ಎನ್‌ಗೆ (ತಾತ್ಕಾಲಿಕ ಉಲ್ಲೇಖ ಸಂಖ್ಯೆ) 15 ದಿನ ಆಯುಸ್ಸು, ಅಷ್ಟರಲ್ಲಿ ಎರಡನೇ ಭಾಗ ಪಾರ್ಟ್ ಬಿ ಸಲ್ಲಿಸಬೇಕು.

ಪಾರ್ಟ್ ಬಿಯಲ್ಲಿ ಹತ್ತು ಟ್ಯಾಬ್. ಫೋಟೋ ಜೆಪೆಗ್ ಆಗಿರಬೇಕು, 100 ಕೆಬಿ ಮೀರಬಾರದು. ನಿಧಾನಿಸಬೇಕಾದದ್ದು ವ್ಯಾಪಾರದ ಮುಖ್ಯ ಸ್ಥಳದ ಟ್ಯಾಬ್‌ನಲ್ಲಿ. ಬಾಡಿಗೆ ಅಂಗಡಿಯಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕರಾರುಪತ್ರದ ಜೊತೆ ಮಾಲೀಕರ ಒಂದು ದಾಖಲೆ ಸಾಕು: ಕಂದಾಯ ರಸೀದಿ, ಖಾತಾ ಅಥವಾ ಕರೆಂಟ್ ಬಿಲ್. ನಮ್ಮ ಕಡೆ ಕರೆಂಟ್ ಬಿಲ್ ಎಷ್ಟೋ ಸಲ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ, ಕರಾರಿಗೆ ಸಹಿ ಹಾಕಿದವರು ಮೊಮ್ಮಗ. ಹೆಸರು ತಾಳೆಯಾಗದೆ ಅಧಿಕಾರಿ ಸ್ಪಷ್ಟನೆ ಕೇಳುತ್ತಾರೆ. ಹಾಗಿದ್ದರೆ ಆ ಬಿಲ್ ಬಿಟ್ಟು, ಸಹಿ ಹಾಕಿದವರ ಹೆಸರಿನ ಕಂದಾಯ ರಸೀದಿ ಹಾಕಿ. ಡೋರ್ ನಂಬರ್ ಕೂಡ ಎಲ್ಲ ಕಡೆ ಒಂದೇ ಇರಲಿ. ಇಂಥ ನೋಂದಾಯಿತ ಕರಾರು ಇದ್ದರೆ ಮಾಲೀಕರ ಆಧಾರ್, ಪ್ಯಾನ್ ಕೇಳಕೂಡದೆಂದು 2025ರ ಏಪ್ರಿಲ್‌ನಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಸೂಚಿಸಿದೆ. ಒಳ್ಳೆಯ ಕ್ರಮ, ಬಾಡಿಗೆದಾರರಿಗೆ ಇದರಿಂದ ದೊಡ್ಡ ತಲೆನೋವು ತಪ್ಪಿತು.

ಆಧಾರ್ ದೃಢೀಕರಣ ಆದರೆ ಸಾಮಾನ್ಯವಾಗಿ 7 ಕೆಲಸದ ದಿನದಲ್ಲಿ ತೀರ್ಮಾನ; ಸ್ಥಳ ಪರಿಶೀಲನೆಗೆ ಬಿದ್ದರೆ 30 ದಿನ. ಕೆಲವರನ್ನು ಬಯೋಮೆಟ್ರಿಕ್‌ಗೆ ಸೇವಾ ಕೇಂದ್ರಕ್ಕೂ ಕರೆಯುತ್ತಾರೆ. ಸ್ಪಷ್ಟನೆ ಕೇಳುವ ಆರ್‌ಇಜಿ-03 ನೋಟಿಸ್ ಬಂದರೆ 7 ಕೆಲಸದ ದಿನದೊಳಗೆ ಉತ್ತರಿಸಿ, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಬಹುದು.

ಪ್ರಮಾಣಪತ್ರ ಕೈಸೇರಿದ 30 ದಿನದೊಳಗೆ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಅದಕ್ಕೂ ಮೊದಲೇ ಹಾಕುವುದಿದ್ದರೆ ಅದಕ್ಕೆ ಮುಂಚೆ, ಬ್ಯಾಂಕ್ ಖಾತೆ ಸೇರಿಸಿ. ಮರೆತರೆ ನೋಂದಣಿ ಅಮಾನತಾಗುತ್ತದೆ. ಮಿತಿಯೊಳಗಿದ್ದೂ ಸುಮ್ಮನೆ ಇರಲಿ ಎಂದು ನಂಬರ್ ತೆಗೆದುಕೊಳ್ಳುವವರು ಗಮನಿಸಿ: ಮಾರಾಟ ಸೊನ್ನೆಯಾದರೂ ರಿಟರ್ನ್ ಹಾಕಲೇಬೇಕು, ತಡವಾದರೆ ತೆರಿಗೆ ಲೆಕ್ಕದ ಸಾರಾಂಶ ರಿಟರ್ನ್ ಜಿಎಸ್‌ಟಿಆರ್-3ಬಿಗೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ.