ವೆಬ್ಲಿ ಮಾರ್ಕ್ 6 ರಿವಾಲ್ವರ್ (ಡಿಆಕ್ಟಿವೇಟೆಡ್): ಮಾಲಿಗೆ ನಾಲ್ಕು ಸ್ಟಾರ್, ಅಂಗಡಿಯವನ ಕಥೆಗೆ ಸೊನ್ನೆ

ಬರ್ಮಿಂಗ್‌ಹ್ಯಾಮ್ (ಇಂಗ್ಲೆಂಡು) ಹತ್ರ ಒಂದು ಹಳೆ ಮಿಲಿಟರಿ ಸಾಮಾನಿನ ಅಂಗಡಿ, ಹೆಸರು ಬೇಡ ಬಿಡಿ. ಅಲ್ಲಿ ಹೋದ ತಿಂಗಳು ಒಂದು ವೆಬ್ಲಿ ತಗೊಂಡೆ, ಅದೇ ಊರಿನ ವೆಬ್ಲಿ ಕಂಪನಿ ಮಾಡಿದ ಹಳೇ ಮಿಲಿಟರಿ ರಿವಾಲ್ವರ್. ಗುಂಡು ಹಾರಲ್ಲ, ಶೋಕೇಸಿಗೆ ಅಷ್ಟೇ. ಒಳ್ಳೆ ಫೋನ್ ಒಂದರ ದುಡ್ಡು ಹೋಯ್ತು, ಹೆಂಡತಿಗೆ ಇನ್ನೂ ಪೂರ್ತಿ ರೇಟ್ ಹೇಳಿಲ್ಲ.

ಚೀಟಿಲಿ ಏನ್ ಬರ್ದಿತ್ತು ಗೊತ್ತಾ, "1915, ಗಲಿಪೊಲಿಗೆ ಮೊದಲ ದಿನ ಇಳಿದ ಆಫೀಸರ್‌ದು" ಅಂತ. ಅಲ್ಲೇ ನಂಗೆ ಡೌಟ್ ಬಂತು, ಯಾಕಂದ್ರೆ ಗಲಿಪೊಲಿಲಿ (ಟರ್ಕಿಲಿರೋದು, ಮೊದಲ ಮಹಾಯುದ್ಧದ ರಣರಂಗ) ಸೈನ್ಯ ಇಳಿದಿದ್ದು 1915 ಏಪ್ರಿಲ್ 25ಕ್ಕೆ, ಮಾರ್ಕ್ 6 ಅನ್ನೋ ಮಾಡೆಲ್ ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದೇ ಮೇ 24ಕ್ಕೆ, ಇನ್ನೂ ಹುಟ್ಟದೇ ಇರೋ ಮಗು ಮದುವೆ ಊಟಕ್ಕೆ ಹೋದಂಗಾಯ್ತಲ್ಲ ಇದು! ಕೈಗೆ ತಗೊಂಡು ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದೆ (ನೇರವಾಗಿ ಬೆಳಕು ಹಾಕಿದ್ರೆ ಸವೆದ ಅಕ್ಷರ ಕಾಣಲ್ಲ, ಓರೆ ಹಿಡಿದ್ರೆ ನೆರಳಲ್ಲಿ ಎದ್ದು ಬರುತ್ತೆ). ಮೇಲಿನ ಪಟ್ಟಿ ಮೇಲೆ ಮಾರ್ಕ್ 6, ಸರಿ. ಫ್ರೇಮ್ ಪಕ್ಕದಲ್ಲಿ ವೆಬ್ಲಿ, ಪೇಟೆಂಟ್ಸ್, ಅದರ ಕೆಳಗೆ 1918. ಮುಗೀತು, ಗಲಿಪೊಲಿ ಕಥೆ ಅಲ್ಲಿಗೇ ಢಮಾರ್.

ತೋರಿಸಿದ್ರೆ ಅವನು ನನ್ನ ಮುಖ ನೋಡಿ, ಎಲ್ಲಿಯವರು ನೀವು ಅಂದ. ಇಂಡಿಯಾ, ಬೆಂಗಳೂರು ಅಂದೆ. ತಕ್ಷಣ ಕಥೆ ಚೇಂಜ್! ಹಾಗಾದ್ರೆ ಇದು ಇಂಡಿಯನ್ ಕ್ಯಾವಲ್ರಿದು ಇರ್ಬೇಕು, ಹೈಫಾ (ಈಗಿನ ಇಸ್ರೇಲಿನ ಊರು) ಯುದ್ಧದ್ದು ಅಂತಾನೆ. ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) 1918 ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ ಇದ್ದಿದ್ದು ನಿಜ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕದ ಮುಂದೆ ಬಸ್ಸಲ್ಲಿ ಎಷ್ಟು ಸಲ ಹೋಗಿದೀನೋ, ಆಸೆ ನಂಗೂ ಆಯ್ತು ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇಂಡಿಯಾ ಸರ್ಕಾರದ ಸ್ವತ್ತಾಗಿದ್ರೆ ಬಾಣದ ಗುರುತಿನ ಜೊತೆ ಇಂಗ್ಲಿಷ್ ಐ ಅಕ್ಷರ ಹುಡುಕಬೇಕು. ಇದರಲ್ಲಿ ಇರೋದು ಬರೀ ಬ್ರಾಡ್ ಆರೋ, ಕೋಳಿ ಹೆಜ್ಜೆ ತರ ಮೂರು ಗೆರೆ, ಬ್ರಿಟಿಷ್ ಸರ್ಕಾರದ ಮಾಲು ಅನ್ನೋದಕ್ಕೆ. ಇನ್ನೊಂದ್ ಕಡೆ ಎರಡು ಬಾಣ ಮೂತಿಗೆ ಮೂತಿ ಕೊಟ್ಟು ನಿಂತಿವೆ, ಅಂದ್ರೆ ಸೈನ್ಯ ಬೇಡ ಅಂತ ಹೊರಗೆ ಮಾರಿದ್ದು. ಕಿರೀಟದ ಕೆಳಗೆ ನಂಬರ್ ಇರೋ ಸಣ್ಣ ಸಣ್ಣ ಸೀಲು ಇನ್‌ಸ್ಪೆಕ್ಟರ್‌ಗಳದ್ದು. ರೆಜಿಮೆಂಟ್ ಗುರುತು ಎಲ್ಲೂ ಇಲ್ಲ. ಹಾಗಾಗಿ ಯಾರ ಸೊಂಟದಲ್ಲಿತ್ತು ಅಂತ ಯಾರಾದ್ರೂ ಹೇಳಿದ್ರೆ ಕಾಗದ ತೋರಿಸಪ್ಪಾ ಅನ್ನಿ.

ಮಾಲು ಮಾತ್ರ ಚೆನ್ನಾಗಿದೆ. ಆರಿಂಚು ಬ್ಯಾರಲ್, .455 ಬೋರು, ಒಂದು ಕೇಜಿಗಿಂತ ಜಾಸ್ತಿ ತೂಕ, ಹಳೇ ಮಾರ್ಕ್‌ಗಳ ಹಕ್ಕಿ ಕೊಕ್ಕಿನಂಥ ಹಿಡಿ ಬದಲು ಚೌಕ ಹಿಡಿ. ಫ್ರೇಮ್ ನಂಬರೂ ಬ್ಯಾರಲ್ ನಂಬರೂ ಒಂದೇ, ಅಂದ್ರೆ ಎರಡೂ ಒಂದೇ ಗನ್ನಿನವು. ಸಿಲಿಂಡರ್ ನಂಬರ್ ಅರ್ಧ ಕಾಣುತ್ತೆ, ಇನ್ನರ್ಧ ಕೆಳಗೆ ತಿರುಗಿದೆ, ತಿರುಗಿಸೋಣ ಅಂದ್ರೆ ಆಗಲ್ಲ, ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಗನ್ ಡಿಆಕ್ಟಿವೇಟ್ ಮಾಡೋ 2016ರ ರೂಲ್ಸ್ ಬಂದ ಮೇಲೆ ಎಲ್ಲಾನೂ ವೆಲ್ಡ್ ಮಾಡ್ತಾರೆ, ಟ್ರಿಗರ್ ಅಲ್ಲಾಡಲ್ಲ, ಗುಂಡು ತುಂಬೋಕೆ ಬ್ಯಾರಲ್ ಬಗ್ಗಿಸಿ ನಡುವಲ್ಲಿ ತೆಗೀತಾರಲ್ಲ, ಹಾಗೆ ತೆಗೆಯೋಕಾಗಲ್ಲ. ಹಳೇ ರೂಲ್ಸಿನದು ಮನೇಲಿದ್ರೆ ಇಟ್ಕೋಬಹುದು, ಹಾಗೇ ಮಾರೋ ಹಾಗಿಲ್ಲ. ಪ್ರೂಫ್ ಹೌಸ್ (ಗನ್ ಪರೀಕ್ಷೆ ಮಾಡೋ ಸಂಸ್ಥೆ) ಸರ್ಟಿಫಿಕೇಟ್ ಇಲ್ದೆ ಯಾರೇ ಕೊಟ್ರೂ ಮುಟ್ಟಬೇಡಿ, ಕೈ ಬದಲಾದಾಗ ಹೋಮ್ ಆಫೀಸ್‌ಗೂ (ಬ್ರಿಟನ್ನಿನ ಗೃಹ ಇಲಾಖೆ) ತಿಳಿಸಬೇಕು. ನಂದಕ್ಕೆ ಸರ್ಟಿಫಿಕೇಟ್ ಕೊಟ್ಟಿರೋದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್, 1813ರಿಂದ ಇರೋದು. ಹುಟ್ಟಿದ ಊರಲ್ಲೇ ಡೆತ್ ಸರ್ಟಿಫಿಕೇಟ್ ಆಯ್ತು ಪಾಪ.

ಹಾಂ, ತಂದ್ಮೇಲೆ ಬ್ರಾಸೋ ಹಾಕಿ ಉಜ್ಜೋಕೆ ಹೋಗ್ಬೇಡಿ ಮಾರಾಯ್ರೆ. ಒಂದು ಹನಿ ಎಣ್ಣೆ, ಹತ್ತಿ ಬಟ್ಟೆ ಸಾಕು. ಉಜ್ಜಿದ್ರೆ ಮೊದಲು ಹೋಗೋದೇ ಆ ಸೀಲುಗಳು.

ಚೌಕಾಸಿ ಮಾಡ್ದೆ, 1918 ಅಂತ ಬಿಲ್ಲಲ್ಲಿ ಬರೆಸ್ಕೊಂಡೆ, ಸ್ವಲ್ಪ ಇಳಿಸ್ದ. ಪ್ಯಾಕಿಂಗ್ ಚೆನ್ನಾಗಿ ಮಾಡ್ದ, ಟೀ ಕೂಡ ಕೊಟ್ಟ, ಮನುಷ್ಯ ಕೆಟ್ಟವನಲ್ಲ, ಬಾಯಿ ಅಷ್ಟೇ ಜಾಸ್ತಿ. ಮೊನ್ನೆ ಮತ್ತೆ ಹೋಗಿದ್ದೆ. ಎಡಗಡೆ ಶೋಕೇಸಲ್ಲಿ ಇನ್ನೊಂದಿದೆ, ಚೀಟಿಲಿ ವೆಬ್ಲಿ ಅಂತಾನೇ ಇದೆ, ಆದ್ರೆ ಎಡಪಕ್ಕ ಹೆಬ್ಬೆರಳಲ್ಲಿ ಒತ್ತೋ ವೆಬ್ಲಿ ಲಿವರ್ ಇಲ್ಲ, ಬ್ಯಾರಲ್ ಮೇಲೆ ಗಾರಾತೆ ಅನಿತುವಾ, ಐಬಾರ್ ಅಂತ ಓದೋಕೆ ಬರುತ್ತೆ. ಅದು ಸ್ಪೇನಿಂದು, ಮಹಾಯುದ್ಧದಲ್ಲಿ ರಿವಾಲ್ವರ್ ಸಾಲದೆ ಬ್ರಿಟಿಷರು ತರಿಸಿದ್ದು. ಹೇಳ್ದೆ. ಹೌದಾ ಅಂದ. ಚೀಟಿ ಇನ್ನೂ ಹಾಗೇ ಇದೆ.